ನೆಲದಾಗಿನ ಸಪ್ಪಳ

ಕಬ್ಬಿಣದ ಹಾರೆಯ ಒಂದು ತುದಿಯನ್ನು ನೆಲದ ಫರ್ಸಿ ಕಲ್ಲಿನ ಮೇಲೆ ಊರಿ, ಇನ್ನೊಂದು ತುದಿಗೆ ಕಿವಿ ಹಚ್ಚಿದ್ದ ನಳ ರಿಪೇರಿಯ ರೇವಣಸಿದ್ದ ಕಣ್ಣು ತೆರೆದ. "ಲೀಕ್ ಇಲ್ಲೇ ಅದರಿ ಸೂರ್ಯಕಾಂತಣ್ಣ. ನಿಮ್ಮ ನೀರಿನ ಟಾಕಿ ಖಾಲಿ ಆಗೋದು ಇದಕ್ಕೇ."

ಅದು ಹಣಮವ್ವನ ಮಂಚದ ಕೆಳಗೆ ಅರ್ಧ ಸೇರಿದ್ದ ಕಲ್ಲು. ಸೂರ್ಯಕಾಂತ ಮಂಚವನ್ನು ತಾಯಿಯ ಸಮೇತ ಗೋಡೆಗೆ ಸರಿಸಿದ. ಕಲ್ಲು ಮೀಟಿ ಎಬ್ಬಿಸಿದರೆ, ತುಕ್ಕು ತಿಂದ ಪೈಪಿನ ಸೀಳಿನಿಂದ ನೀರು ಜುಳುಜುಳು ಹರಿಯುತ್ತಿತ್ತು. "ಇದು ಇವತ್ತಿನ ಲೀಕಲ್ಲರಿ. ಕೆಳಗ ಮಣ್ಣೆಲ್ಲ ಕೊಚ್ಚಿ ಹೋಗ್ಯದ. ಇಲ್ಲಿ ಮಲಗಿದೋರಿಗೆ ಸಪ್ಪಳ ಕೇಳಿರಬೇಕಲ್ಲರಿ?" ಎಂದ ರೇವಣಸಿದ್ದ.

ನೆಲದಾಗ ಯಾರೋ ನೀರು ಸುರೀಲಕತ್ತಾರ ಎಂದು ಕಳೆದ ಬೇಸಿಗೆಯಿಂದ ಅವ್ವ ಹೇಳುತ್ತಿದ್ದಳು. ಅವಳನ್ನು ಕಲಬುರಗಿಗೆ, ಹುಚ್ಚಿನ ಡಾಕ್ಟರ ಹತ್ತಿರ ಒಯ್ದವನು ಸೂರ್ಯಕಾಂತನೇ. ಗುಳಿಗೆಯನ್ನು ನಾಲಗೆಯ ಕೆಳಗೆ ಅಡಗಿಸಿಟ್ಟು ಆಮೇಲೆ ಉಗುಳುತ್ತಾಳೆಂದು ಗೊತ್ತಾದ ದಿನ ಅವಳ ಮೇಲೆ ಕೈ ಮಾಡಿದ್ದ. ಅಂದಿನಿಂದ ದಿನಾ ಬಾಯಿ ತೆರೆಸಿ ನೋಡುತ್ತಿದ್ದ.

ಅವನು ಮಂಚದ ಮುಂದೆ ಕುಕ್ಕರುಗಾಲಲ್ಲಿ ಕುಳಿತ. "ಅವ್ವಾ, ನೀ ಹೇಳಿದ್ದು ಖರೇ ಇತ್ತು. ಕೇಳು, ನೀರಿನ ಸಪ್ಪಳ."

ಹಣಮವ್ವ ಹರಿಯುವ ನೀರನ್ನು ನೋಡಿದಳು. ಆಮೇಲೆ ಮಗನ ಕೈಯನ್ನು ನೋಡಿದಳು. ನೀರು ತಾಕದಂತೆ ಕಾಲು ಮೇಲಕ್ಕೆ ಎಳೆದುಕೊಂಡಳು.

"ಯಾವ ಸಪ್ಪಳನೂ ಇಲ್ಲಪ್ಪಾ. ಗುಳಿಗಿ ನುಂಗೀನಿ," ಎಂದು ಬಾಯಿ ಅಗಲಿಸಿ, ನಾಲಗೆ ಎತ್ತಿ ತೋರಿಸಿದಳು.