ಮೂರನೇ ನೀರಿನ ಈಂದು

ನೆನೆಹಾಕಿದ ಬೀಜದ ಹುಳಿ ವಾಸನೆ ಬಂದರೆ ಈಗಲೂ ನನ್ನ ಮಿಮಿಕ್ರಿ ಅರ್ಧಕ್ಕೇ ನಿಲ್ಲುತ್ತದೆ.

ಕಾರಡ್ಕದ ಮಾವನಿಗೆ ತಾಳೆಯಂತೆ ಕಾಣುವ ಸೈಕಾಡ್ ಗಿಡಗಳ ಹುಚ್ಚು. ಎಲ್ಲೆಲ್ಲಿಂದಲೋ ತಂದು ಅಂಗಳ ತುಂಬಿಸಿದ್ದರು. ಅವುಗಳಲ್ಲಿ ನಮ್ಮೂರಿನದೇ ಜಾತಿಯಾದ ಈಂದು ಆ ವರ್ಷ ಮೊದಲ ಸಲ ಕಾಯಿ ಬಿಟ್ಟಿತ್ತು. ಅದರ ಬೀಜದಲ್ಲಿ ವಿಷವಿರುತ್ತದೆ. ಹೆಚ್ಚಿ ನೆನೆಹಾಕಿ, ಏಳು ದಿನ ನೀರು ಬದಲಿಸಿದ ಮೇಲೆಯೇ ರೊಟ್ಟಿ. ನೀರು ಬದಲಿಸುವವರು ಅಜ್ಜಿ.

ಮೂರನೇ ದಿನ ಮಧ್ಯಾಹ್ನ ಅಜ್ಜಿ ತೋಟಕ್ಕೆ ಹೋಗಿದ್ದಾಗ ನಾನು ಬಚ್ಚಲಿನೊಳಗಿಂದ ಅಜ್ಜಿಯ ಗೊಗ್ಗರು ಸ್ವರ ತೆಗೆದೆ: "ಸರೋಜಾ, ಈಂದು ಆಯ್ತು, ರುಬ್ಬುವ ಕಲ್ಲಿಗೆ ಹಾಕಿ ಕಡಿ ಮಾರಾಯ್ತಿ!"

"ಆಯ್ತು ಅತ್ತೆ," ಎಂದರು ಒಳಗಿಂದ ಮಾವನ ಹೆಂಡತಿ, ನನ್ನತ್ತೆ. ಮಹಾಕಲಾವಿದನಾದ ನಾನು ಹಿಗ್ಗಿ ಆಟಕ್ಕೆ ಓಡಿದೆ.

ಮರಳಿದಾಗ ಮಾವನ ಕೈಯಲ್ಲಿ ಬಿಸಿ ರೊಟ್ಟಿ, ಮೊದಲ ತುಂಡು ತುಟಿಯ ಹತ್ತಿರ.

"ಮಾವಾ, ತಿನ್ಬೇಡಿ! ಕಡಿ ಅಂದದ್ದು ಅಜ್ಜಿ ಅಲ್ಲ, ನಾನು!"

ತುಂಡು ಕೆಳಗೆ ಬಿತ್ತು. ಒಲೆಯ ಬದಿಯಿಂದ ಅತ್ತೆ ಮೆಲ್ಲ ಕೇಳಿದರು: "ನಾನು ಚೂರು ರುಚಿ ನೋಡಿದೆನಲ್ಲ, ಎಂತ ಆಗ್ತದೆ ಈಗ?"

ಯಾರೂ ನನ್ನನ್ನು ಬೈಯಲಿಲ್ಲ. ಅಜ್ಜಿ ಸಂಜೆಯವರೆಗೆ ಸೊಸೆಯ ಕೈ ಬಿಡದೆ ಕೂತರು. ಅತ್ತೆಗೆ ಒಮ್ಮೆ ವಾಂತಿಯಾಯಿತು, ಮತ್ತೇನೂ ಆಗಲಿಲ್ಲ.

ಆಮೇಲೆ ಅಜ್ಜಿ ಎಷ್ಟೇ ಜೋರಾಗಿ ಕರೆದರೂ ಅತ್ತೆ ಹೊರಗೆ ಬಂದು, ಅವರ ಮುಖ ನೋಡಿಯೇ ಓಗೊಡುತ್ತಿದ್ದರು.