ಜರಡಿಯಲ್ಲಿ ಉಳಿದದ್ದು

ಮೊದಲ ಬುಟ್ಟಿ ಗೊಬ್ಬರ ಜರಡಿಗೆ ಬಿದ್ದಾಗಲೇ ರೂಪಾಲಿಗೆ ಅದು ಕಂಡಿತು. ಕಪ್ಪು ಪುಡಿಯ ನಡುವೆ ಉಗುರಿನಷ್ಟು ಬಿಳಿ ಚೂರು. ಕೋಳಿ ತತ್ತಿಯ ಸಿಪ್ಪೆ. ಅದರ ಪಕ್ಕದಲ್ಲೇ ಇನ್ನೊಂದು.

ಹಿತ್ತಲ ಗುಂಡಿಯೊಳಗೆ ಮಾವ ಬಸವಣಪ್ಪ ಸಲಿಕೆ ಹಿಡಿದು ನಿಂತಿದ್ದ. ಮೇಲೆ ಅತ್ತೆ ಭಾಗಮ್ಮ ಜರಡಿ ಆಡಿಸುತ್ತಿದ್ದಳು. ತುಂಬು ಬಸುರಿ ರೂಪಾಲಿ ಚೀಲದ ಬಾಯಿ ಹಿಡಿದು ಕುಳಿತಿದ್ದಳು. ಚಳಿಗಾಲವಿಡೀ ಮನೆಯ ಮುಸುರೆ, ಕಾಯಿಪಲ್ಲೆ ಸಿಪ್ಪೆ, ಒಲೆಯ ಬೂದಿ ಎಲ್ಲ ಇದೇ ಗುಂಡಿಗೆ ಹಾಕಿ, ಸಗಣಿ ನೀರು ಚಿಮುಕಿಸಿ, ಮಣ್ಣು ಮುಚ್ಚಿ, ಶುಂಠಿ ಹೊಲಕ್ಕೆ ಗೊಬ್ಬರ ಮಾಡಿದ್ದರು.

"ಹ್ಯಾಂಗದ ನೋಡು, ಚಹಾಪುಡಿ ಇದ್ದಂಗ ಅದ!" ಬಸವಣಪ್ಪ ಹಿಗ್ಗಿ ಹೋಗಿದ್ದ. "ಬಸವಣಪ್ಪ ಮುಸುರಿ ಕೂಡಿಡಾಕತ್ತಾನ ಅಂತ ನಮ್ಮ ಕೊಹಿನೂರ ಊರ ಮಂದಿ ಎಲ್ಲಾ ನಕ್ರು. ಇದರಾಗ ಬಿದ್ದದ್ದೆಲ್ಲಾ ಮಣ್ಣಾಗ್ತದ ಅಂತ ನಾ ಹೇಳಿದ್ದಿಲ್ಲ?"

ಆ ಮಾತನ್ನೇ ರೂಪಾಲಿ ನಂಬಿದ್ದಳು. ಅವಳ ಮೊದಲ ಬಸಿರು ಉಳಿದಿರಲಿಲ್ಲ. ಈ ಸಲ ಹುಮನಾಬಾದಿನ ದವಾಖಾನೆಯಲ್ಲಿ ನರ್ಸಬಾಯಿ ಕಣ್ಣಿನ ಕೆಳರೆಪ್ಪೆ ಎಳೆದು ನೋಡಿ, "ಮೈಯಾಗ ರಕ್ತಾನೇ ಇಲ್ಲಲ್ಲ! ದಿನಾ ಒಂದು ತತ್ತಿ ತಿನ್ನು, ಇಲ್ಲಾಂದ್ರ ಇದೂ ನಿಲ್ಲಲ್ಲ" ಎಂದಿದ್ದಳು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಮನೆ. ಢಾಬಾದಲ್ಲಿ ಆಮ್ಲೆಟ್ ತಿಂದನೆಂದು ಬಸವಣಪ್ಪ ತನ್ನ ಕಿರಿಯ ಮಗನನ್ನೇ ಹೊಸ್ತಿಲು ದಾಟಗೊಟ್ಟಿರಲಿಲ್ಲ. ಅವನು ಈಗ ಬೀದರಿನಲ್ಲಿ ಬಾಡಿಗೆ ಕೋಣೆಯಲ್ಲಿದ್ದಾನೆ. ಸೊಸೆಯನ್ನು ಬಿಡುತ್ತಾರೆಯೇ? ರೂಪಾಲಿ ಗಂಡನಿಗೂ ಹೇಳಲಿಲ್ಲ. ಪಕ್ಕದ ಮನೆಯ ಖುರ್ಷೀದ್ ಬೇಗಂ ಸಂಜೆ ಕುದಿಸಿದ ತತ್ತಿಯನ್ನು ಗೋಡೆಯ ಮೇಲಿಂದ ಕೊಡುತ್ತಿದ್ದಳು. ರೂಪಾಲಿ ಕೊಟ್ಟಿಗೆಯ ಮೂಲೆಯಲ್ಲಿ ನಿಂತು, ಮೂಗು ಮುಚ್ಚಿ ನುಂಗಿ, ಸಿಪ್ಪೆಯನ್ನು ಗುಂಡಿಯ ಮುಸುರೆಯೊಳಗೆ ತುರುಕುತ್ತಿದ್ದಳು.

ಜೋಳದ ದಂಟು ಕರಗಿತ್ತು. ಬಾಳೆಹಣ್ಣಿನ ಸಿಪ್ಪೆ ಕರಗಿತ್ತು. ಇದು ಮಾತ್ರ ತೊಳೆದಿಟ್ಟ ಹಾಗೆ ಬೆಳ್ಳಗಿತ್ತು.

"ಏ ರೂಪಾಲಿ, ಕೂತಲ್ಲೇ ನಿದ್ದಿ ಮಾಡ್ತೀ ಏನು? ಚೀಲ ನೆಟ್ಟಗ ಹಿಡಿ!" ಭಾಗಮ್ಮ ಗದರಿದಳು.

ರೂಪಾಲಿ ಹಿಡಿದಳು. ಎರಡನೆಯ ಬುಟ್ಟಿ ಬಿತ್ತು. ಪುಡಿ ಕೆಳಗಿಳಿದಂತೆ ತಂತಿಯ ಮೇಲೆ ಚೂರುಗಳು ಚಿಟಚಿಟ ಕುಣಿದವು. ಭಾಗಮ್ಮನ ಕೈ ನಿಂತಿತು. ಒಂದು ಚೂರನ್ನು ಎತ್ತಿ ಬೆಳಕಿಗೆ ಹಿಡಿದಳು. ಹೊಟ್ಟೆಯಲ್ಲಿ ಕೂಸು ಹೊರಳಿತು.

"ಯಾಕ ನಿಲ್ಲಿಸಿದಿ? ಏನದು?" ಬಸವಣಪ್ಪ ಕೆಳಗಿನಿಂದ ಕೇಳಿದ.

ಭಾಗಮ್ಮ ಸೊಸೆಯ ಮುಖ ನೋಡಿದಳು. ಆಮೇಲೆ ಖುರ್ಷೀದ್ ಬೇಗಂ ಮನೆಯ ಗೋಡೆ ನೋಡಿದಳು.

"ನಿನಗೇ ಕೇಳಾಕತ್ತೀನಿ. ತಾ ಇಲ್ಲೆ, ನೋಡ್ತೀನಿ." ಅವನು ಸಲಿಕೆ ಊರಿ, ಗುಂಡಿಯ ಅಂಚಿಗೆ ಒಂದು ಕಾಲಿಟ್ಟು ಅಂಗೈ ಚಾಚಿದ.

ರೂಪಾಲಿ ಕಣ್ಣು ಮುಚ್ಚಿಕೊಂಡಳು.

"ಸುಣ್ಣರೀ," ಎಂದಳು ಭಾಗಮ್ಮ. "ಹಬ್ಬಕ್ಕ ಗ್ವಾಡಿ ಕೆರದು ಹಾಕಿದ್ದು. ಏನ್ ನೋಡ್ತೀರಿ ಅದನ್ನ? ಬಿಸಲ ಏರಾಕತ್ತದ, ಅಗೀರಿ."

ಚಾಚಿದ ಕೈ ಒಂದು ಗಳಿಗೆ ಹಾಗೇ ನಿಂತಿತು.

"ಇರಲಿ ಬಿಡು, ಶುಂಠಿಗೆ ಸುಣ್ಣ ಛಲೋನೇ," ಎಂದು ಅವನು ಮತ್ತೆ ಕೆಳಗಿಳಿದ. ಸಲಿಕೆಯ ಸದ್ದು ಶುರುವಾಯಿತು.

ಭಾಗಮ್ಮ ಚೂರುಗಳನ್ನೆಲ್ಲ ಆರಿಸಿ ಒಂದು ಚಪ್ಪಡಿಯ ಮೇಲೆ ಹಾಕಿದಳು. ಗುಂಡುಕಲ್ಲು ತಗೊಂಡು ಅರೆಯತೊಡಗಿದಳು. ಸೊಸೆಯ ಕಡೆ ತಿರುಗಲಿಲ್ಲ.

"ಹಿಟ್ಟಾಗೋ ತನಕ ಅರದು ಹಾಕಬೇಕವ್ವಾ," ಎಂದಳು, ತುಟಿ ಅಲುಗದ ಹಾಗೆ. "ನಾ ಬಸುರಿದ್ದಾಗ ನನಗ ಯಾರೂ ಹೇಳಿಕೊಟ್ಟಿದ್ದಿಲ್ಲ."