ಗುಬ್ಬಿಯ ಅಳತೆ

“ನಾಳೆ ಬೆಳಗ್ಗೆನೇ ಆಪರೇಷನ್ ಅಂದಿದ್ದಾರೆ ಡಾಕ್ಟ್ರೇ,” ಎಂದಳು ತಾಯಿ. ಏಳು ವರ್ಷದ ಗುಬ್ಬಿಗೆ ಎರಡು ತಿಂಗಳಿಂದ, ದೊಡ್ಡ ಹೆಂಗಸರ ಮುಟ್ಟಿನಂತೆ, ರಕ್ತ ಹೋಗುತ್ತಿತ್ತು. ಸ್ಕ್ಯಾನಿನಲ್ಲಿ ಅಂಡಾಶಯದ ಮೇಲೆ ನಿಂಬೆಹಣ್ಣಿನಷ್ಟು ಗಡ್ಡೆ ಕಂಡು, ತೆಗೆದೇಬಿಡೋಣ ಎಂದಿದ್ದರು ದೊಡ್ಡಾಸ್ಪತ್ರೆಯವರು. ತಾಯಿಗೆ ಮನಸ್ಸು ಒಪ್ಪಲಿಲ್ಲ. ಮಕ್ಕಳ ಡಾಕ್ಟರಮ್ಮನನ್ನೂ ಒಂದು ಮಾತು ಕೇಳೋಣವೆಂದು ಬಂದಿದ್ದಳು. ಜೊತೆಗೆ ಅವಳಮ್ಮ, ಬಟ್ಟೆ ಹೊಲಿಯುವ ಅಜ್ಜಿ.

ಡಾಕ್ಟರಮ್ಮ ಸ್ಕ್ಯಾನ್ ಪಕ್ಕಕ್ಕಿಟ್ಟು ಗುಬ್ಬಿಯನ್ನೇ ನೋಡಿದರು. ಅವಳೋ ತಾಯಿಯ ತೋಳಿಗೊರಗಿ ತೂಕಡಿಸುತ್ತಿದ್ದಳು.

“ಫ್ರಾಕ್ ಚೆನ್ನಾಗಿದೆ. ಯಾರು ಹೊಲಿದಿದ್ದು?”

ಅಜ್ಜಿಯ ಮುಖ ಅರಳಿತು. “ನಾನೇ! ಮೂರು ವರ್ಷ ಆಯ್ತು, ಇನ್ನೂ ಹೇಳಿ ಮಾಡಿಸಿದ ಹಾಗಿದೆ ನೋಡಿ.”

“ಅಮ್ಮಾ, ಇಲ್ಲಿ ಜೀವ ಹೋಗ್ತಿದೆ, ನಿನಗೆ ಹೊಲಿಗೆ ಪುರಾಣ!” ಗುಬ್ಬಿಯ ತಾಯಿ ರೇಗಿದಳು.

“ಆ ಪುರಾಣನೇ ಬೇಕು ಕಣಮ್ಮ,” ಎಂದರು ಡಾಕ್ಟರಮ್ಮ. “ಹಳೇ ಅಳತೆ ಇದೆಯಾ ಅಜ್ಜಿ?”

ಇಲ್ಲದೆ ಏನು! ಅಳತೆ ಪುಸ್ತಕ ಅವಳ ಚೀಲ ಬಿಟ್ಟು ಕದಲಿದ್ದೇ ಇಲ್ಲ. “ಫ್ರಾಕಿನ ಉದ್ದ ಇಪ್ಪತ್ತೆರಡು ಇಂಚು. ಮರುವರ್ಷ ಇಪ್ಪತ್ತೆರಡೂವರೆ. ಹೋದ ವರ್ಷ... ಇಪ್ಪತ್ತೆರಡೂವರೆ.” ಅಜ್ಜಿಯ ದನಿ ಇಳಿಯಿತು. ಮುಂದಿನ ಪುಟ, ಹಿಂದಿನ ಪುಟ, ಊರವರ ಮಕ್ಕಳೆಲ್ಲ ವರ್ಷವರ್ಷವೂ ಬೆಳೆದಿದ್ದರು.

“ಇಷ್ಟು ಬೇಗ ಮುಟ್ಟಾಗೋ ಮಕ್ಕಳು ಸಾಮಾನ್ಯವಾಗಿ ಸರಸರ ಎತ್ತರ ಆಗ್ತಾರೆ. ಇವಳು ನಿಂತೇಬಿಟ್ಟಿದ್ದಾಳೆ. ಬಹಳ ಅಪರೂಪ, ಆದರೆ ಥೈರಾಯ್ಡ್ ಕೈಕೊಟ್ಟರೆ ಹೀಗಾಗುತ್ತೆ. ಈ ತೂಕಡಿಕೆ, ಆ ಗಡ್ಡೆ, ಎರಡೂ ಅದರಿಂದಲೇ ಇರಬಹುದು. ರಕ್ತ ಪರೀಕ್ಷೆ ಆಗೋವರೆಗೆ ಆಪರೇಷನ್ ಬೇಡ, ನಾನೇ ಅವರಿಗೆ ಫೋನ್ ಮಾಡ್ತೀನಿ.”

“ತೂಕಡಿಸಿದರೆ ಸೋಮಾರಿ ಅಂತ ಬೈತಿದ್ದೆನಲ್ಲ,” ತಾಯಿ ಅತ್ತಳು.

“ಬಟ್ಟೆ ಉಳೀತು ಅಂತ ನಾನು ಹಿಗ್ಗಿದ್ದೆನಲ್ಲೇ,” ಎಂದಳು ಅಜ್ಜಿ. “ನನ್ನ ಕಣ್ಣಿಗಷ್ಟು ಮಣ್ಣು ಹಾಕ!”

ಡಾಕ್ಟರಮ್ಮನ ಊಹೆ ನಿಜವಾಯಿತು. ದಿನಕ್ಕೊಂದು ಮಾತ್ರೆ, ಅಷ್ಟೇ. ರಕ್ತ ನಿಂತಿತು, ಗಡ್ಡೆ ಮೆಲ್ಲಗೆ ಕರಗಿತು.

ಎಂಟು ತಿಂಗಳ ಮೇಲೆ ಒಂದು ಮಧ್ಯಾಹ್ನ ಗುಬ್ಬಿ ಓಡಿ ಬಂದಳು. “ಅಜ್ಜೀ, ಫ್ರಾಕ್ ಮೊಣಕಾಲು ದಾಟಿ ಮೇಲೆ ಹೋಗಿದೆ. ಅಂಚು ಬಿಚ್ಚಿ ಉದ್ದ ಮಾಡ್ಕೊಡು.”

ಅಂಗೈಯಗಲದ ತುಂಡನ್ನೂ ಎಸೆಯದ ಅಜ್ಜಿ ಮಿಷನ್ ನಿಲ್ಲಿಸಿ ಟೇಪು ತೆಗೆದಳು.

“ಆ ಹಾಳು ಫ್ರಾಕ್ ನೆಲ ಒರೆಸೋಕಾಯ್ತು, ಬಿಸಾಕು. ಬಾ, ನೆಟ್ಟಗೆ ನಿಂತ್ಕೋ.”